ತಟ್ಟೆ ಇಡ್ಲಿಯಿಂದ ಕುರುಕ್ಷೇತ್ರದವರೆಗೆ: ತುಮಕೂರಿನಲ್ಲಿ ಒಂದು ದಿನದ ತಿಂಡಿ ನಡಿಗೆ ಮಾಡಿಸುವುದು ಹೇಗೆ

ಹೆದ್ದಾರಿಯಲ್ಲಿ ಹೋಗುವವರಿಗೆ ತುಮಕೂರು ಅಂದರೆ ಕ್ಯಾತ್ಸಂದ್ರ. ಕಾರು ನಿಲ್ಲಿಸುತ್ತಾರೆ, ತಟ್ಟೆ ಇಡ್ಲಿ ತಿನ್ನುತ್ತಾರೆ, ಕಾಫಿ ಕುಡಿದು ಶಿರಾ ಕಡೆಗೋ ಹುಬ್ಬಳ್ಳಿ ಕಡೆಗೋ ಹೊರಟುಬಿಡುತ್ತಾರೆ. ಊರೊಳಗೆ ಬರುವುದೇ ಇಲ್ಲ. ನನಗೆ ಇದು ನಿಜವಾಗಿಯೂ ಬೇಜಾರು. ಬೆಂಗಳೂರಿನಿಂದ 70 ಕಿ.ಮೀ. ದೂರದಲ್ಲಿ ಇಷ್ಟು ಚೆನ್ನಾಗಿ ಉಣ್ಣುವ, ಇಷ್ಟು ಆಸೆಯಿಂದ ನಾಟಕ ಆಡುವ ಊರು ಇದೆ. ಅದನ್ನು ಒಂದು ಪ್ಲೇಟ್ ಇಡ್ಲಿಗೆ ಮುಗಿಸಿದರೆ ಹೇಗೆ?

ಹಾಗಾಗಿ ಈ ಲೇಖನ. ನೆಂಟರು ಬಂದಾಗ, ಹಳೆಯ ಗೆಳೆಯರು ಸೇರಿದಾಗ, ಆಫೀಸಿನವರು ಒಂದು ಭಾನುವಾರ ಎಲ್ಲಾದರೂ ಹೋಗೋಣ ಅಂದಾಗ, ನೀವೇ ಮುಂದೆ ನಿಂತು ಅವರನ್ನು ಊರು ಸುತ್ತಿಸಬಹುದು. ತುಮಕೂರಿನವರೇ ಆಗಬೇಕಿಲ್ಲ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. ಈ ಊರಿನಲ್ಲಿ ಪ್ರತಿಯೊಂದು ತಿನಿಸಿಗೂ ಒಂದು ಹೊತ್ತಿದೆ, ಆಟಕ್ಕೂ ಒಂದು ಹೊತ್ತಿದೆ. ಆ ಹೊತ್ತಿಗೆ ಸರಿಯಾಗಿ ಹೋದರೆ ಸಾಮಾನ್ಯ ಹೋಟೆಲಿನಲ್ಲೂ ಒಳ್ಳೆಯದೇ ಸಿಗುತ್ತದೆ. ಹೊತ್ತು ತಪ್ಪಿದರೆ ಹೆಸರುವಾಸಿ ಹೋಟೆಲಿನಲ್ಲೂ ಆರಿದ್ದು, ಉಳಿದದ್ದು ಸಿಗುತ್ತದೆ.

ಮೊದಲು ನಾಟಕ ಹುಡುಕಿ, ಆಮೇಲೆ ದಿನ ಗೊತ್ತುಮಾಡಿ

ಎಲ್ಲರೂ ಉಲ್ಟಾ ಮಾಡುತ್ತಾರೆ. ದಿನ ಗೊತ್ತುಮಾಡಿಕೊಂಡು ಬರುತ್ತಾರೆ, ಸಂಜೆ ರಂಗಮಂದಿರಕ್ಕೆ ಬೀಗ ಹಾಕಿರುತ್ತದೆ. ಹೋಟೆಲು ದಿನಾ ತೆಗೆದಿರುತ್ತವೆ. ನಾಟಕ ಹಾಗಲ್ಲ. ಹಾಗಾಗಿ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಯಾವತ್ತು ಏನಿದೆ ಎಂದು ಮೊದಲು ತಿಳಿದುಕೊಳ್ಳಿ. ತಿಳಿಯುವ ಸುಲಭ ದಾರಿ ಅಂದರೆ ಗೋಡೆಯ ಪೋಸ್ಟರ್, ಫ್ಲೆಕ್ಸ್, ಮತ್ತೆ ಸ್ಥಳೀಯ ಪತ್ರಿಕೆಗಳ 'ಇಂದಿನ ಕಾರ್ಯಕ್ರಮ' ಕಾಲಂ. ಊರಿನಲ್ಲಿ ಗೊತ್ತಿರುವವರು ಯಾರಾದರೂ ಇದ್ದರೆ ಒಂದು ಫೋನ್ ಮಾಡಿದರೆ ಸಾಕು.

ಶನಿವಾರ, ಭಾನುವಾರ ಅವಕಾಶ ಜಾಸ್ತಿ. ಸುಗ್ಗಿ ಮುಗಿದ ಮೇಲೆ, ಅಂದರೆ ಸಂಕ್ರಾಂತಿ ಕಳೆದು ಮುಂಗಾರು ಶುರುವಾಗುವ ತನಕ, ಪೌರಾಣಿಕ ನಾಟಕಗಳ ಕಾಲ. ಪೇಟೆಯಲ್ಲಿ ಇಲ್ಲದಿದ್ದರೂ ಸುತ್ತಲಿನ ಯಾವುದಾದರೂ ಹಳ್ಳಿಯಲ್ಲಿ ಇದ್ದೇ ಇರುತ್ತದೆ. ಶಿವರಾತ್ರಿ ಹೊತ್ತಿನಲ್ಲಿ ಸಿದ್ಧಗಂಗೆಯ ಜಾತ್ರೆ ನಡೆಯುತ್ತದೆ. ದನಗಳ ಜಾತ್ರೆ, ವಸ್ತುಪ್ರದರ್ಶನ ಎಲ್ಲ ಇರುತ್ತದೆ. ಆಗ ಬಂದರೆ ಜನಸಂದಣಿ ವಿಪರೀತ. ಮೊದಲ ಸಲ ನಡಿಗೆ ಮಾಡಿಸುವವರು ಬೇರೆ ದಿನ ಇಟ್ಟುಕೊಳ್ಳುವುದು ಒಳ್ಳೆಯದು.

ಎಷ್ಟು ಜನ, ಏನು ಹೇಳಿ ಕರೆಯಬೇಕು

ಆರು ಜನ ಸರಿ. ಎಂಟಾದರೂ ನಡೆಯುತ್ತದೆ. ಹತ್ತು ದಾಟಿದರೆ ಬೆಳಿಗ್ಗೆ ಹೊತ್ತು ಯಾವ ಹೋಟೆಲಿನಲ್ಲೂ ಒಟ್ಟಿಗೆ ಜಾಗ ಸಿಗುವುದಿಲ್ಲ, ಅರ್ಧ ಜನ ತಿಂದು ಅರ್ಧ ಜನ ಕಾಯುವ ಹಾಗಾಗುತ್ತದೆ.

ಹಿಂದಿನ ದಿನವೇ ಎಲ್ಲರನ್ನೂ ಮೂರು ಪ್ರಶ್ನೆ ಕೇಳಿ. ಮಾಂಸ ತಿನ್ನುತ್ತೀರಾ ಇಲ್ಲವಾ? ಕಡಲೆಕಾಯಿ ಅಥವಾ ಬೇರೆ ಏನಾದರೂ ಒಗ್ಗುವುದಿಲ್ಲವಾ? ಸಕ್ಕರೆ ಕಾಯಿಲೆ ಇದೆಯಾ? ಮೂರನೆಯದನ್ನು ನಾಚಿಕೆ ಬಿಟ್ಟು ಕೇಳಬೇಕು. ದೊಡ್ಡವರು ತಾವಾಗಿ ಹೇಳುವುದಿಲ್ಲ, ಕೊಟ್ಟಿದ್ದನ್ನು ಸುಮ್ನೆ ತಿಂದುಬಿಡುತ್ತಾರೆ. ಸಮಯಕ್ಕೆ ಮಾತ್ರೆ, ಸಮಯಕ್ಕೆ ಊಟ ಬೇಕಾದವರು ಇದ್ದರೆ ಮಧ್ಯಾಹ್ನದ ಊಟ ಒಂದು ಗಂಟೆ ದಾಟಬಾರದು.

ಮನೆಯಲ್ಲಿ ತಿಂಡಿ ತಿಂದು ಬರಬೇಡಿ ಎಂದು ಎರಡು ಸಲ ಹೇಳಿ. ಒಗ್ಗಿದ ಚಪ್ಪಲಿ, ಒಂದು ಬಾಟಲಿ ನೀರು, ಸ್ವಲ್ಪ ಚಿಲ್ಲರೆ, ಒಂದು ಬಟ್ಟೆ ಚೀಲ. ಇಷ್ಟು ಸಾಕು. ಫೋನಿನಲ್ಲಿ ದುಡ್ಡು ಕೊಡುವುದು ಎಲ್ಲ ಕಡೆ ನಡೆಯುತ್ತದೆ. ಆದರೂ ತಳ್ಳುಗಾಡಿ ಹತ್ತಿರ ಹತ್ತು ಇಪ್ಪತ್ತರ ನೋಟು ಕೈಯಲ್ಲಿದ್ದರೆ ಕೆಲಸ ಬೇಗ ಆಗುತ್ತದೆ. ಖರ್ಚಿಗೆ ಬೆಳಿಗ್ಗೆಯೇ ತಲಾ ಇಷ್ಟು ಎಂದು ಸೇರಿಸಿ ಒಬ್ಬರ ಕೈಗೆ ಕೊಡಿ. ಪ್ರತಿ ಹೋಟೆಲಿನಲ್ಲೂ "ನಾನು ಕೊಡ್ತೀನಿ, ನಾನು ಕೊಡ್ತೀನಿ" ಎಂಬ ಜಗಳ ಬೇಡ.

ಬೆಳಿಗ್ಗೆ ಏಳೂವರೆ: ಕ್ಯಾತ್ಸಂದ್ರ

ಇಲ್ಲಿಂದ ಶುರು ಮಾಡಿ. ಪೇಟೆಯಿಂದ ಐದಾರು ಕಿ.ಮೀ. ಬೆಂಗಳೂರಿನಿಂದ ಬರುವವರಿಗೆ ದಾರಿಯಲ್ಲೇ ಸಿಗುತ್ತದೆ. ರೈಲಿನಲ್ಲಿ ಬರುವವರಿಗೆ ಕ್ಯಾತ್ಸಂದ್ರದಲ್ಲಿ ಸ್ಟೇಷನ್ ಇದೆ, ಆದರೆ ನಿಮ್ಮ ರೈಲು ಅಲ್ಲಿ ನಿಲ್ಲುತ್ತದಾ ಎಂದು ನೋಡಿಕೊಳ್ಳಿ.

ತಟ್ಟೆ ಇಡ್ಲಿ ಬಿಡದಿಯಲ್ಲೂ ಸಿಗುತ್ತದೆ, ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಸಿಗುತ್ತದೆ. ಕ್ಯಾತ್ಸಂದ್ರದಲ್ಲಿ ಪವಿತ್ರ ಹೋಟೆಲಿನ ಹೆಸರು ಎಲ್ಲರಿಗೂ ಗೊತ್ತು. ಅಕ್ಕಪಕ್ಕ ಇನ್ನೂ ಇವೆ. ನನ್ನ ಸಲಹೆ ಏನೆಂದರೆ ಬೋರ್ಡು ನೋಡಬೇಡಿ, ಹಬೆ ನೋಡಿ. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟ್ಯಾಂಡು ಪಾತ್ರೆಯಿಂದ ಈಗ ತಾನೇ ಮೇಲೆ ಬರುತ್ತಿದೆಯಾ? ಇಳಿಸಿದ ಇಡ್ಲಿ ಹತ್ತು ನಿಮಿಷದೊಳಗೆ ಖಾಲಿಯಾಗುತ್ತಿದೆಯಾ? ಹಾಗಿದ್ದರೆ ಕೂತುಕೊಳ್ಳಿ.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ತಟ್ಟೆ ಇಡ್ಲಿ ಅಗಲ, ತೆಳ್ಳಗೆ. ಸಣ್ಣ ಗುಂಡು ಇಡ್ಲಿ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಇದು ಬೇಗ ಆರುತ್ತದೆ. ಆರಿದರೆ ಅಂಚು ಬಿರುಸಾಗುತ್ತದೆ. ಹಿಟ್ಟಿಗೆ ಅಕ್ಕಿ, ಉದ್ದಿನಬೇಳೆ ಜೊತೆಗೆ ಅವಲಕ್ಕಿಯೋ ಸಬ್ಬಕ್ಕಿಯೋ ಹಾಕಿ ರುಬ್ಬುತ್ತಾರೆ. ಆ ಮೆತ್ತನೆಯ ಗುಣ ಬರುವುದು ಅದರಿಂದ. ಅದು ಬಿಸಿಯಲ್ಲಿ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಪಾರ್ಸಲ್ ಕಟ್ಟಿಸಿ ಕಾರಿನಲ್ಲಿ ಕೂತು ತಿನ್ನುವುದು ಬೇಡವೇ ಬೇಡ. ಹೋಟೆಲಿನೊಳಗೆ, ಅಲ್ಲೇ ನಿಂತಾದರೂ ಸರಿ, ತಟ್ಟೆಗೆ ಬಿದ್ದ ತಕ್ಷಣ ತಿನ್ನಬೇಕು.

ತಲೆಗೊಂದೇ ಇಡ್ಲಿ. ಇದು ಮುಖ್ಯ. ಎಲ್ಲರೂ ಎರಡು ಕೇಳುತ್ತಾರೆ, ನೀವು ಬಿಡಬಾರದು. ಮೊದಲ ತುತ್ತು ಬರೀ ಇಡ್ಲಿ. ಎರಡನೆಯದು ಕಾಯಿ ಚಟ್ನಿ ಜೊತೆ. ಆಮೇಲೆ ಬೆಣ್ಣೆ. ಬೆಣ್ಣೆ ಮೇಲೆ ಕರಗಿ ಹರಿಯುವುದನ್ನು ನೋಡಿದರೆ ಆಸೆಯಾಗುತ್ತದೆ, ನಿಜ. ಆದರೆ ಮೊದಲಿಗೇ ಬೆಣ್ಣೆ ಬಿದ್ದರೆ ಹಿಟ್ಟು ಹದವಾಗಿ ಹುದುಗಿದೆಯಾ ಇಲ್ಲವಾ ಎಂಬುದು ನಾಲಿಗೆಗೆ ತಿಳಿಯುವುದೇ ಇಲ್ಲ. ಗುಂಪಿಗೆಲ್ಲ ಸೇರಿ ಒಂದೆರಡು ಉದ್ದಿನ ವಡೆ ಹೇಳಿ, ಮುರಿದು ಹಂಚಿಕೊಳ್ಳಿ. ಚಟ್ನಿ ಚೆನ್ನಾಗಿದ್ದರೆ ಹಾಗೆಂದು ಹಾಕುವವರಿಗೆ ಹೇಳಿ. ಇನ್ನೊಂದು ಸೌಟು ಖಂಡಿತ ಬೀಳುತ್ತದೆ.

ಈ ಕಾಯಿ ಈ ನೆಲದ್ದೇ. ತುಮಕೂರನ್ನು ಕಲ್ಪತರು ನಾಡು ಎಂದು ಕರೆಯುವುದು ತೆಂಗಿನಿಂದಲೇ. ಅದನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಿ ಬಿಡಿ. ಉಳಿದದ್ದನ್ನು ಮಂಡಿಪೇಟೆಯಲ್ಲಿ ಕೊಬ್ಬರಿ ಕೈಗೆ ಕೊಟ್ಟು ಹೇಳುವುದು ಚೆಂದ.

ಕೊನೆಗೆ ಕಾಫಿ. ಬೈ ಟೂ. ಇಡೀ ದಿನ ಬೈ ಟೂ ಕಾಫಿಯೇ ಕುಡಿಯಿರಿ. ಅರ್ಧ ಲೋಟ ಕುಡಿದರೆ ಹೊಟ್ಟೆಯಲ್ಲಿ ಜಾಗ ಉಳಿಯುತ್ತದೆ.

ಸಿದ್ಧಗಂಗೆಗೆ ಹೋಗಬೇಕಾ?

ಕ್ಯಾತ್ಸಂದ್ರದಿಂದ ಮಠ ಹತ್ತಿರವೇ. ಸಮಯ ಇದ್ದರೆ ಹೋಗಿ ಬನ್ನಿ. ಆದರೆ ಇದನ್ನು ತಿಂಡಿ ನಡಿಗೆಯ ಒಂದು 'ಸ್ಟಾಪ್' ಎಂದುಕೊಳ್ಳಬೇಡಿ. ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಡುವ ಜಾಗ ಅದು. 1907ರಲ್ಲಿ ಹುಟ್ಟಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ 111 ವರ್ಷ ಬಾಳಿದರು. ಅವರು ನಡೆಸಿಕೊಂಡು ಬಂದ ತ್ರಿವಿಧ ದಾಸೋಹ ಇಂದೂ ನಡೆಯುತ್ತಿದೆ. ಬಂದವರು ಯಾರು, ಯಾವ ಜಾತಿ ಎಂದು ಕೇಳದೆ ಊಟ ಹಾಕುತ್ತಾರೆ.

ಅಲ್ಲಿ ಊಟಕ್ಕೆ ಕೂತರೆ ಅದೇ ನಿಮ್ಮ ಮಧ್ಯಾಹ್ನದ ಊಟ ಎಂದು ತಿಳಿಯಿರಿ. ಸಾಲಿನಲ್ಲಿ ಕೂತು, ಬಡಿಸಿದ್ದನ್ನು ಪೂರ್ತಿ ಉಣ್ಣಿ. ರುಚಿ ನೋಡಿ ಬಿಡುವ ಜಾಗ ಅಲ್ಲ ಅದು. ತಟ್ಟೆ ಫೋಟೊ, ಊಟ ಮಾಡುವ ಮಕ್ಕಳ ಫೋಟೊ ತೆಗೆಯಬೇಡಿ. ಕೈಲಾದಷ್ಟು ದಾಸೋಹಕ್ಕೆ ಕೊಟ್ಟು ಬನ್ನಿ. ಮಧ್ಯಾಹ್ನ ಮೆಸ್ಸಿನ ಮುದ್ದೆ ಊಟವೇ ಬೇಕು ಎನ್ನುವವರು ಬೆಳಿಗ್ಗೆ ದರ್ಶನ ಮಾಡಿ, ಬೆಟ್ಟದ ಮೆಟ್ಟಿಲು ಹತ್ತಿಳಿದು ಹೊರಡಬಹುದು. ಇಡ್ಲಿ ಕರಗಲು ಆ ಮೆಟ್ಟಿಲು ಬಹಳ ಒಳ್ಳೆಯದು.

ಹತ್ತೂವರೆ: ಟೌನ್‌ಹಾಲ್‌ನಿಂದ ನಡೆಯಲು ಶುರು

ಬಸ್ಸಿನಲ್ಲೋ ಆಟೊದಲ್ಲೋ ಪೇಟೆಗೆ ಬನ್ನಿ. ಸ್ವಂತ ಗಾಡಿ ಇದ್ದರೆ ಒಂದು ಕಡೆ ನಿಲ್ಲಿಸಿ, ಸಂಜೆವರೆಗೆ ಮರೆತುಬಿಡಿ. ಅಶೋಕ ರಸ್ತೆ, ಮಂಡಿಪೇಟೆ, ಚಿಕ್ಕಪೇಟೆ, ಅಮಾನಿಕೆರೆ ಎಲ್ಲವನ್ನೂ ನಡೆದೇ ನೋಡಬಹುದು. ಬೋರ್ಡಿನಲ್ಲಿ ಬಿಜಿಎಸ್ ವೃತ್ತ ಎಂದಿದೆ, ಆದರೆ ಆಟೊದವರಿಗೆ ಟೌನ್‌ಹಾಲ್ ಎಂದರೆ ಸಾಕು.

ಇಲ್ಲಿ ನಿಂತು ಕತೆ ಶುರು ಮಾಡಿ. ಕತೆ ಗುಬ್ಬಿಯಿಂದ ಬರುತ್ತದೆ. ತುಮಕೂರಿನಿಂದ ಸುಮಾರು 20 ಕಿ.ಮೀ. ದೂರದ ಗುಬ್ಬಿಯಲ್ಲಿ 1884ರಲ್ಲಿ ಒಂದು ನಾಟಕ ಮಂಡಳಿ ಹುಟ್ಟಿತು. ಊರ ದೇವರು ಚನ್ನಬಸವೇಶ್ವರನ ಹೆಸರಿನಲ್ಲಿ 'ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ'. ಮುಂದೆ ಎಲ್ಲರ ಬಾಯಲ್ಲಿ ಅದು ಗುಬ್ಬಿ ಕಂಪನಿ. ಬಾಲಕನಾಗಿ ಸೇರಿ, ಆಮೇಲೆ ಮಾಲೀಕರಾಗಿ ಅದನ್ನು ನಾಡಿಗೆಲ್ಲ ಹೆಸರಾಗಿಸಿದವರು ಗುಬ್ಬಿ ವೀರಣ್ಣ (1891–1972). ಅವರ ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ, ಕುದುರೆಗಳು ರಂಗಕ್ಕೆ ಬರುತ್ತಿದ್ದವು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್ ಎಲ್ಲರೂ ಆ ಕಂಪನಿಯಲ್ಲಿ ಪಳಗಿದವರು. ಬಿ.ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಸೇರಿದ್ದೂ ಅಲ್ಲಿಗೇ. ರಂಗಕರ್ಮಿ ಬಿ. ಜಯಶ್ರೀ ವೀರಣ್ಣನವರ ಮೊಮ್ಮಗಳು. ನರಸಿಂಹರಾಜು ಇದೇ ಜಿಲ್ಲೆಯ ತಿಪಟೂರಿನವರು ಎಂದು ಹೇಳಿದರೆ ಹಳೆಯ ಸಿನಿಮಾ ನೋಡಿದವರ ಮುಖ ಅರಳುತ್ತದೆ.

ಕತೆ ಹೇಳುವುದಕ್ಕೂ ಒಂದು ಕ್ರಮ ಇದೆ. ತಿನ್ನುವಾಗ ಮಾತಾಡಬೇಡಿ. ಬಾಯಲ್ಲಿ ತುತ್ತಿದ್ದಾಗ ಯಾರೂ ಇತಿಹಾಸ ಕೇಳುವುದಿಲ್ಲ, ಕೇಳಲೂ ಬಾರದು. ಆರ್ಡರ್ ಕೊಟ್ಟು ಕಾಯುವ ಐದು ನಿಮಿಷ ಇರುತ್ತದಲ್ಲ, ಅದೇ ನಿಮ್ಮ ಸಮಯ. ಅಷ್ಟರಲ್ಲಿ ಎಷ್ಟು ಹೇಳಲು ಆಗುತ್ತದೋ ಅಷ್ಟೇ ಹೇಳಿ. ಕಾಗದ ನೋಡಿ ಓದಬೇಡಿ. ಇಸವಿ ಮರೆತರೆ ಬಿಟ್ಟುಬಿಡಿ, ತಪ್ಪು ಹೇಳುವುದಕ್ಕಿಂತ ಅದು ವಾಸಿ.

ಮಂಡಿಪೇಟೆಯಲ್ಲಿ ಮೂಸಿ ನೋಡುವ ಒಂದು ಗಂಟೆ

ಇಲ್ಲಿ ತಿನ್ನುವುದು ಕಡಿಮೆ. ಆದರೆ ನನಗೆ ಕೇಳಿದರೆ ಇಡೀ ನಡಿಗೆಯಲ್ಲಿ ಇದೇ ಒಳ್ಳೆಯ ಭಾಗ. ಮಧ್ಯಾಹ್ನ ನೀವು ಉಣ್ಣುವ ಸಾರಿಗೆ ಬೇಕಾದದ್ದೆಲ್ಲ ಇಲ್ಲಿ ಚೀಲಗಳಲ್ಲಿ ಕೂತಿದೆ. ರಾಗಿ, ಹುರುಳಿ, ಅಲಸಂದೆ, ಒಣ ಅವರೆ, ಒಣಮೆಣಸಿನಕಾಯಿ, ಬೆಲ್ಲದ ಅಚ್ಚು. ಮೊದಲು ಇವನ್ನು ನೋಡಿ ಆಮೇಲೆ ಉಣ್ಣಲು ಕೂತರೆ ಸಾರಿನ ಒಂದೊಂದು ರುಚಿಯೂ ಬೇರೆ ಬೇರೆಯಾಗಿ ಗೊತ್ತಾಗುತ್ತದೆ. ಪೇಟೆಯಲ್ಲೇ ಹುಟ್ಟಿ ಬೆಳೆದ ಮಕ್ಕಳಿದ್ದರೆ ಇಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಿ. ಹುರುಳಿ ಯಾವುದು, ಅಲಸಂದೆ ಯಾವುದು ಎಂದು ಕೈಗೆ ಕೊಟ್ಟು ತೋರಿಸಿ.

ಮೊದಲು ಕೊಬ್ಬರಿ. ಉಂಡೆ ಕೊಬ್ಬರಿ ಕೇಳಿ. ತಿಪಟೂರು ಇದಕ್ಕೆ ದೊಡ್ಡ ಮಾರುಕಟ್ಟೆ. ಇದು ಕಾಯಿ ಒಡೆದು ಬಿಸಿಲಿಗೆ ಒಣಗಿಸಿದ್ದಲ್ಲ. ಬಲಿತ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಎಂಟು, ಹತ್ತು ತಿಂಗಳು ಬಿಡುತ್ತಾರೆ. ಒಳಗಿನ ನೀರು ನಿಧಾನವಾಗಿ ಆರುತ್ತದೆ. ಕೊಬ್ಬರಿ ಚಿಪ್ಪಿನಿಂದ ತಾನಾಗಿ ಬಿಡುತ್ತದೆ. ಅಲ್ಲಾಡಿಸಿದರೆ ಒಳಗೆ ಲೊಟಲೊಟ ಸದ್ದು. ಆಗ ಒಡೆದರೆ ಇಡೀ ಉಂಡೆ ಹೊರಗೆ ಬರುತ್ತದೆ. ಒಂದು ಉಂಡೆ ತೂಗಿಸಿ, ಅಂಗಡಿಯವರ ಹತ್ತಿರವೇ ಕತ್ತರಿಸಿಕೊಡಲು ಕೇಳಿ. ಒಂದು ಚೂರು ಬೆಲ್ಲ, ಒಂದು ಹಿಡಿ ಹುರಿಗಡಲೆ ಜೊತೆ ಬಾಯಿಗೆ ಹಾಕಿಕೊಳ್ಳಿ. ತಿಂದು ಮಿಕ್ಕಿದ್ದು ಬಟ್ಟೆ ಚೀಲಕ್ಕೆ. ನಾಟಕದ ನಡುವೆ ಹಸಿವಾದಾಗ ಬೇಕಾಗುತ್ತದೆ.

ಆಮೇಲೆ ಹುಣಸೆಹಣ್ಣು. ಬೇಸಿಗೆ ಶುರುವಿನಲ್ಲಿ ತುಮಕೂರಿಗೆ ಹುಣಸೆ ರಾಶಿ ರಾಶಿ ಬರುತ್ತದೆ. ಹೊಸ ಹುಣಸೆ ಕೆಂಚಗೆ, ಹಳೆಯದು ಕಪ್ಪು. ಎರಡನ್ನೂ ಒಂದೊಂದು ಎಸಳು ಕೇಳಿ ಚೀಪಿ ನೋಡಿ. ಹೊಸದರ ಹುಳಿ ಚುರುಕು. ಹಳೆಯದರ ಹುಳಿ ನಿಧಾನಕ್ಕೆ ಹತ್ತುತ್ತದೆ. ಪುಳಿಯೋಗರೆ ಗೊಜ್ಜಿಗೆ ಹಳೆಯದೇ ಆಗಬೇಕು ಎಂದು ನಮ್ಮ ಕಡೆಯ ಹೆಂಗಸರು ಹಟ ಹಿಡಿಯುವುದು ಇದಕ್ಕೇ.

ಮಂಡಿಯಲ್ಲಿ ಎರಡು ವಿಷಯ ನೆನಪಿಡಿ. ಮೂಟೆ ಹೊರುವವರಿಗೆ ದಾರಿ ಬಿಡಿ, ಅವರು ಹೊರೆ ಹೊತ್ತು ನಿಂತು ಕಾಯಲು ಆಗುವುದಿಲ್ಲ. ಮತ್ತೆ, ಚೀಲಕ್ಕೆ ಕೈ ಹಾಕುವ ಮುಂಚೆ "ನೋಡಬಹುದಾ ಅಣ್ಣ?" ಎಂದು ಕೇಳಿ. ಏನಾದರೂ ಕಾಲು ಕೆ.ಜಿ. ಆದರೂ ಕೊಳ್ಳಿ. ಆರು ಜನ ಹೋಗಿ ಮೂಸಿ, ಫೋಟೊ ತೆಗೆದು, ಬರಿಗೈಲಿ ಬರುವುದು ಸರಿಯಲ್ಲ, ಅಲ್ವಾ? ಭಾನುವಾರ ಎಷ್ಟೋ ಅಂಗಡಿ ಮುಚ್ಚಿರುತ್ತವೆ, ಆದ್ದರಿಂದ ಶನಿವಾರ ಸಿಕ್ಕರೆ ಶನಿವಾರವೇ ಬನ್ನಿ.

ಹನ್ನೆರಡೂವರೆ: ಮುದ್ದೆ

ಒಂದೂವರೆಗೆ ಹೋದರೆ ರಶ್ಶು. ಹನ್ನೆರಡೂವರೆಗೆ ಹೋದರೆ ಮೊದಲ ಹಂಡೆಯ ಮುದ್ದೆ. ಮಾಂಸ ತಿನ್ನುವವರು, ತಿನ್ನದವರು ಇಬ್ಬರೂ ಇದ್ದರೆ ಗುಂಪನ್ನು ಒಡೆಯಬೇಡಿ. ಸೊಪ್ಪಿನ ಸಾರು ಮಾಡುವ ಒಂದು ಮೆಸ್ಸಿಗೆ ಎಲ್ಲರೂ ಹೋಗಿ. ಎಲ್ಲರೂ ಮಾಂಸ ತಿನ್ನುವವರೇ ಆದರೆ ಮಿಲಿಟರಿ ಹೋಟೆಲ್. ನಾಟಿಕೋಳಿ ಸಾರು, ಮುದ್ದೆ, ಒಂದು ಪ್ಲೇಟ್ ಬೋಟಿ ಗೊಜ್ಜು ಹಂಚಿಕೊಳ್ಳಲು. ಇದಕ್ಕಿಂತ ಜಾಸ್ತಿ ಹೇಳಬೇಡಿ.

ಒಳ್ಳೆಯ ಮೆಸ್ಸನ್ನು ಹೇಗೆ ಗುರುತಿಸುವುದು? ಹೊರಗೆ ಆಟೊಗಳು, ಲಗೇಜ್ ಗಾಡಿಗಳು ನಿಂತಿದೆಯಾ ನೋಡಿ. ಒಳಗೆ ಮೆನು ಉದ್ದ ಇದ್ದರೆ ಮುಂದೆ ಹೋಗಿ. "ಇವತ್ತು ಏನು ಸಾರು?" ಎಂದು ಕೇಳಿದಾಗ ಒಂದೋ ಎರಡೋ ಹೆಸರು ಬಂದರೆ ಅದು ಸರಿಯಾದ ಜಾಗ. ಬಸ್ಸಾರು ಎಂದರೆ ಬಿಡಲೇಬೇಡಿ. ಕಾಳು, ಸೊಪ್ಪು ಬೇಯಿಸಿ, ಆ ಕಟ್ಟನ್ನು ಬಸಿದು, ಖಾರ ರುಬ್ಬಿ ಹಾಕಿ ಸಾರು. ಬಸಿದು ಉಳಿದ ಕಾಳು ಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ. ಏನನ್ನೂ ಚೆಲ್ಲುವುದಿಲ್ಲ. ಒಣಭೂಮಿಯ ಸೀಮೆಯ ಅಡುಗೆ ಇದು. ಇದ್ದುದರಲ್ಲೇ ಎರಡು ರುಚಿ ತೆಗೆಯುವುದನ್ನು ನಮ್ಮ ಅಜ್ಜಿಯಂದಿರು ಚೆನ್ನಾಗಿ ಬಲ್ಲವರಾಗಿದ್ದರು.

ಡಿಸೆಂಬರ್, ಜನವರಿಯಲ್ಲಿ ಬಂದರೆ ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರು ಇದೆಯಾ ಕೇಳಿ. ಕಾಳನ್ನು ನೆನೆಸಿ, ಒಂದೊಂದನ್ನೇ ಬೆರಳಲ್ಲಿ ಹಿತುಕಿ ಸಿಪ್ಪೆ ತೆಗೆಯಬೇಕು. ಅಷ್ಟು ಕೈಕೆಲಸ ಇರುವುದರಿಂದ ಎಲ್ಲ ಕಡೆ ಸಿಗುವುದಿಲ್ಲ. ಸಿಕ್ಕ ದಿನ ಮುದ್ದೆಯನ್ನು ಅದರ ಜೊತೆಗೇ ಉಣ್ಣಿ, ಬೇರೆ ಏನೂ ಬೇಡ.

ಮುದ್ದೆ ಹೊಸಬರಿಗೆ ಹೇಳಿಕೊಡಬೇಕು. ಬಲಗೈ ಬೆರಳುಗಳನ್ನು ಮೊದಲು ಸಾರಿಗೆ ಅದ್ದಿ, ಆಗ ಮುದ್ದೆ ಅಂಟುವುದಿಲ್ಲ. ಬದಿಯಿಂದ ಸಣ್ಣ ತುಂಡು ಮುರಿದು, ಬೆರಳಲ್ಲೇ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ನುಂಗಿ. ಅಗಿಯಬಾರದು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ರುಚಿಯೂ ಸಿಗುವುದಿಲ್ಲ. ಮೊದಲ ಎರಡು ತುತ್ತು ಗಂಟಲಲ್ಲಿ ನಿಂತ ಹಾಗಾಗುತ್ತದೆ, ಮೂರನೆಯದಕ್ಕೆ ಅಭ್ಯಾಸವಾಗುತ್ತದೆ. ಹೆದರಿದವರಿಗೆ ಬಲವಂತ ಮಾಡಬೇಡಿ. ಅರ್ಧ ಮುದ್ದೆ ಹಾಕಿಸಿ, ಉಳಿದದ್ದಕ್ಕೆ ಅನ್ನ. ಕೊನೆಗೆ ಒಂದು ಲೋಟ ಮಜ್ಜಿಗೆ. ಬೆಳಿಗ್ಗೆ ಇಡ್ಲಿ ತಲೆಗೊಂದೇ ಎಂದು ಹಟ ಹಿಡಿದದ್ದು ಯಾಕೆ ಎಂದು ಎಲ್ಲರಿಗೂ ಈಗ ಗೊತ್ತಾಗುತ್ತದೆ.

ಮಧ್ಯಾಹ್ನ ಸುಮ್ನೆ ಇರಿ

ಎರಡರಿಂದ ನಾಲ್ಕೂವರೆ ತನಕ ಏನೂ ತಿನ್ನಿಸಬೇಡಿ. ಊರೂ ಆಗ ಸ್ವಲ್ಪ ಮಲಗುತ್ತದೆ. ಅಮಾನಿಕೆರೆ ಕಡೆ ಹೋಗಿ ನೆರಳಲ್ಲಿ ಕೂತುಕೊಳ್ಳಿ. ಕನ್ನಡ ಭವನ ಅಲ್ಲೇ ಹತ್ತಿರ. ಪುಸ್ತಕ ಬಿಡುಗಡೆ, ಕವಿಗೋಷ್ಠಿ ಏನಾದರೂ ನಡೆಯುತ್ತಿದ್ದರೆ ಹಿಂದಿನ ಸಾಲಿನಲ್ಲಿ ಕೂರಬಹುದು.

ಗಾಡಿ ಇದ್ದು, ಕೂರಲು ಇಷ್ಟವಿಲ್ಲದವರು ಕೈದಾಳಕ್ಕೆ ಹೋಗಿ ಬರಬಹುದು. ಗೂಳೂರಿನ ಹತ್ತಿರ, ಅರ್ಧ ಗಂಟೆಯೊಳಗಿನ ದಾರಿ. 12ನೆಯ ಶತಮಾನದ ಚನ್ನಕೇಶವನ ಗುಡಿ, ಜಕಣಾಚಾರಿಯ ಕತೆ ಹೇಳುವ ಊರು. ಗೂಳೂರಿನಲ್ಲಿ ಮಣ್ಣಿನಿಂದ ಮಾಡುವ ದೊಡ್ಡ ಗಣಪತಿಯನ್ನು ದೀಪಾವಳಿಯ ಬಲಿಪಾಡ್ಯಮಿಯಿಂದ ಪೂಜೆಗೆ ಇಡುತ್ತಾರೆ. ಆ ಕಾಲದಲ್ಲಿ ಬಂದವರು ಅದನ್ನು ತಪ್ಪಿಸಬೇಡಿ.

ಸಂಜೆ ಐದು: ಎಣ್ಣೆ ಕಾಯುವ ಹೊತ್ತು

ಈಗ ಚಿಕ್ಕಪೇಟೆ, ಎಂ.ಜಿ. ರಸ್ತೆ, ಅಶೋಕ ರಸ್ತೆಯ ಕಡೆ ಬನ್ನಿ. ತಳ್ಳುಗಾಡಿಗಳು ಬಂದಿರುತ್ತವೆ. ಒಂದೇ ನಿಯಮ. ಐದಕ್ಕೆ ಎಣ್ಣೆ ಹೊಸದು, ಎಂಟಕ್ಕೆ ಹಳೆಯದು. ಕರಿದದ್ದನ್ನು ಬೇಗ ತಿಂದುಬಿಡಿ. ಮೆಣಸಿನಕಾಯಿ ಬಜ್ಜಿ, ಆಂಬೊಡೆ, ಬೋಂಡ ಎಲ್ಲ ಒಂದೊಂದು ಪ್ಲೇಟ್, ಎಲ್ಲರಿಗೂ ಸೇರಿ. ಆಮೇಲೆ ಕಡ್ಲೆಪುರಿಯ ಚುರುಮುರಿ. ಮಸಾಲೆ ಪುರಿ, ಪಾನಿಪುರಿ ಎಲ್ಲ ಊರಲ್ಲೂ ಸಿಗುತ್ತದೆ, ಅದಕ್ಕಾಗಿ ಇಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ.

ಸಿಹಿಗೆ ಕಾಯಿ ಹೋಳಿಗೆ. ಬೇಳೆಯದಲ್ಲ, ಕಾಯಿಯದೇ. ಕಲ್ಪತರು ನಾಡಿಗೆ ಬಂದು ಬೇರೆ ಹೋಳಿಗೆ ಯಾಕೆ? ಹಂಚಿನಿಂದ ತೆಗೆದದ್ದನ್ನು ಕೊಡುವ ಅಂಗಡಿ ಹುಡುಕಿ. ಎರಡು ತೆಗೆದುಕೊಂಡರೆ ಆರು ಜನಕ್ಕೆ ರುಚಿ ನೋಡಲು ಸಾಕು. ಸಕ್ಕರೆ ಕಾಯಿಲೆ ಇರುವವರಿಗೆ ಬೇಡ ಅನ್ನುವ ಬದಲು ಒಂದು ತುಂಡು ಅವರೇ ಮುರಿದುಕೊಳ್ಳಲಿ. ದೊಡ್ಡವರಿಗೆ ಎಷ್ಟು ತಿನ್ನಬೇಕು ಎಂದು ಗೊತ್ತಿರುತ್ತದೆ, ಗುಂಪಿನ ಮುಂದೆ ಹೇಳಿದರೆ ಮಾತ್ರ ನೋವಾಗುತ್ತದೆ.

ಆರೂವರೆ: ರಂಗಮಂದಿರ

ಕುರುಕ್ಷೇತ್ರವೋ ಬೇರೆ ಪೌರಾಣಿಕ ನಾಟಕವೋ ಇದ್ದರೆ ನಿಮ್ಮ ಅದೃಷ್ಟ. ಹೊರಗಿನವರಿಗೆ ಮೊದಲೇ ಎರಡು ಮಾತು ಹೇಳಿ. ಆಡುವವರು ವೃತ್ತಿಯ ನಟರಲ್ಲ. ರೈತರು, ಮೇಷ್ಟ್ರುಗಳು, ಡ್ರೈವರ್‌ಗಳು, ಅಂಗಡಿ ಇಟ್ಟವರು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ರಾತ್ರಿ ಹೊತ್ತು ಪದ, ಮಟ್ಟು, ಮಾತು ಎಲ್ಲ ಕಲಿಸುತ್ತಾರೆ. ಪಾತ್ರಧಾರಿಗಳು ದುಡ್ಡು ತೆಗೆದುಕೊಳ್ಳುವುದಿಲ್ಲ, ತಾವೇ ಕೊಡುತ್ತಾರೆ. ಕೃಷ್ಣ, ದುರ್ಯೋಧನ, ಕರ್ಣ ಆಗಬೇಕಾದರೆ ಜಾಸ್ತಿ. ಸಣ್ಣ ಪಾತ್ರಕ್ಕೆ ಕಡಿಮೆ. ಆ ದುಡ್ಡಿನಲ್ಲೇ ಸೀನರಿ, ಕಿರೀಟ, ಬಣ್ಣ, ಮೈಕು, ಮೇಷ್ಟ್ರ ಸಂಭಾವನೆ. ವರ್ಷವಿಡೀ ದುಡಿದು ಒಂದು ರಾತ್ರಿ ಕರ್ಣನಾಗುವ ಆಸೆ ಎಷ್ಟು ದೊಡ್ಡದು ನೋಡಿ. ಇದು ಗೊತ್ತಿದ್ದರೆ ಪದ ಉದ್ದವಾಯಿತು, ಮೈಕು ಕಿರುಗುಟ್ಟಿತು ಎಂದು ಯಾರೂ ಗೊಣಗುವುದಿಲ್ಲ.

ಹಳ್ಳಿಯಲ್ಲಾದರೆ ಆಟ ಬೆಳಗಿನ ಜಾವದ ತನಕ. ಪೂರ್ತಿ ನೋಡಲೇಬೇಕು ಎಂದಿಲ್ಲ. ಆದರೆ ಪದದ ನಡುವೆ ಎದ್ದು ಹೋಗಬೇಡಿ, ಪರದೆ ಬಿದ್ದಾಗ ಎದ್ದೇಳಿ. ಮುಂದಿನ ಕುರ್ಚಿಗಳು ಪಾತ್ರಧಾರಿಗಳ ಮನೆಯವರಿಗೆ. ನೀವು ನಡುವೆ ಎಲ್ಲಾದರೂ ಕೂರಿ. ಜನ "ಒನ್ಸ್ ಮೋರ್" ಎಂದು ಕೂಗಿದರೆ ನೀವೂ ಕೂಗಿ. ಹಾರ ಹಾಕುವ ನೆಂಟರು ನಾಟಕದ ನಡುವೆಯೇ ರಂಗ ಹತ್ತುತ್ತಾರೆ. ಅದೂ ಆಟದ ಭಾಗವೇ ಎಂದುಕೊಳ್ಳಿ.

ನಾಟಕದ ಜಾಗದ ಹೊರಗೆ ಟೀ ಗಾಡಿ ಇರುತ್ತದೆ. ಹಳ್ಳಿಯ ಆಟದಲ್ಲಂತೂ ಬೋಂಡ, ಕಡ್ಲೆಪುರಿ, ಸುಟ್ಟ ಜೋಳ ಎಲ್ಲ ಸಾಲಾಗಿ ನಿಂತಿರುತ್ತವೆ. ಮುಖಕ್ಕೆ ಅರ್ಧ ಬಣ್ಣ ಬಳಿದುಕೊಂಡ ಪಾತ್ರಧಾರಿ ನಿಮ್ಮ ಪಕ್ಕದಲ್ಲೇ ನಿಂತು ಟೀ ಕುಡಿಯುತ್ತಿದ್ದರೆ ಮಾತಾಡಿಸಿ. ಯಾವ ಪಾತ್ರ, ಯಾರು ಮೇಷ್ಟ್ರು ಎಂದು ಕೇಳಿ. ಫೋಟೊ ಬೇಕಾದರೆ ಕೇಳಿ ತೆಗೆಯಿರಿ, ಆಮೇಲೆ ಅವರ ಫೋನಿಗೆ ಕಳಿಸುವುದನ್ನು ಮರೆಯಬೇಡಿ. ನಿಮ್ಮ ಫೋನಿನಲ್ಲಿ ಅದು ನೂರರಲ್ಲಿ ಒಂದು ಫೋಟೊ. ಅವರ ಮನೆಯಲ್ಲಿ ಅದನ್ನು ಫ್ರೇಮ್ ಹಾಕಿಸುತ್ತಾರೆ.

ರಾತ್ರಿ ಊಟ ಏನೂ ದೊಡ್ಡದು ಬೇಡ. ಮೊಸರನ್ನವೋ ಒಂದು ಬಾಳೆಹಣ್ಣೋ ಸಾಕು. ಬೆಂಗಳೂರಿಗೆ ಹೋಗುವವರು ಕೊನೆಯ ರೈಲಿನ ಸಮಯ ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ಬಸ್ಸು ತಡರಾತ್ರಿಯವರೆಗೂ ಸಿಗುತ್ತದೆ.

ಕಾಲಕ್ಕೆ ತಕ್ಕ ಬದಲಾವಣೆ

ಮೇಲಿನದು ಚಳಿಗಾಲ, ಬೇಸಿಗೆಗೆ ಹೊಂದುವ ಕ್ರಮ. ಜೂನ್, ಜುಲೈನಲ್ಲಿ ನಾಟಕ ಕಡಿಮೆ. ಆದರೆ ಆಗ ಹಲಸು ಇದೆ. ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ ಹಲಸು ಹೆಸರುವಾಸಿ. ಅಲ್ಲಿಂದಲೇ ಬಂದದ್ದು 'ಸಿದ್ದು' ತಳಿ. ಹಣ್ಣು ಚಿಕ್ಕದು, ತೊಳೆ ತಾಮ್ರಗೆಂಪು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರದವರು ಇದನ್ನು ಗುರುತಿಸಿ ಕಸಿ ಮಾಡಿ ಹರಡಿದರು. ಆ ತಿಂಗಳುಗಳಲ್ಲಿ ಮಂಡಿಪೇಟೆಯ ಒಂದು ಗಂಟೆಯನ್ನು ಹಲಸಿನ ರಾಶಿಗಳ ಹತ್ತಿರ ಕಳೆಯಿರಿ. ಕೆಂಪು ತೊಳೆ, ಹಳದಿ ತೊಳೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತಿನ್ನಿ. ಸಂಜೆಯ ಕರಿದ ತಿಂಡಿ ಆ ದಿನ ಬಿಟ್ಟುಬಿಡಿ, ಹಲಸು ತಿಂದ ಹೊಟ್ಟೆಗೆ ಅದು ಭಾರ. ಮಳೆ ಬಂದರೆ ನಡಿಗೆಯನ್ನು ಮುದ್ದೆಯ ಊಟಕ್ಕೇ ನಿಲ್ಲಿಸಿ, ಸಂಜೆ ನೇರವಾಗಿ ರಂಗಮಂದಿರಕ್ಕೋ ಕನ್ನಡ ಭವನಕ್ಕೋ ಹೋಗಿ.